ಬಳ್ಳಾರಿ ರಸ್ತೆಯ ವಿಮಾನ ನಿಲ್ದಾಣ

ಬೆಂಗಳೂರಿನಲ್ಲಿ ಮೇಖ್ರಿ ವೃತ್ತವನ್ನು ದಾಟಿ ಉತ್ತರದ ಕಡೆಗೆ ಸಾಗುವ ಹೆದ್ದಾರಿಗೆ ಬಳ್ಳಾರಿ ರಸ್ತೆಯೆಂದು ಹೆಸರು. ಹೆಬ್ಬಾಳ, ಯಲಹಂಕಗಳ ಮೂಲಕ ದೇವನಹಳ್ಳಿಯ ದಿಕ್ಕಿಗೆ ಹೋಗುವ ಈ ರಸ್ತೆಯ ಮೇಲೆ ಹಗಲಿರುಳೆನ್ನದೆ ವಾಹನಗಳು ಓಡುತ್ತಲೇ ಇರುತ್ತವೆ. ಆದರೆ ಅವುಗಳಲ್ಲಿ ಬಳ್ಳಾರಿಯನ್ನು ಮುಟ್ಟುವಂಥವು ಎಷ್ಟೋ ಕಡಮೆ. ಬಹುಪಾಲು ವಾಹನಗಳು ದೇವನಹಳ್ಳಿಗಿಂತ ಮುಂಚೆಯೇ ಮುಖ್ಯ ರಸ್ತೆಯನ್ನು ಬಿಟ್ಟು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಕಡೆಗೆ ಹೊರಳಿಕೊಳ್ಳುತ್ತವೆ. ಲಂಡನ್ನಿಗೆ ಹೋಗುವವನಾಗಲಿ, ದುಬೈಗೆ ಹೋಗುವವನಾಗಲಿ, ಬೆಂಗಳೂರಿನಿಂದ ಹಾರುವ ಮುನ್ನ ನಮ್ಮ ಊರಿನ ಹೆಸರು ಹೊತ್ತ ಹಾದಿಯನ್ನೇ ಹಿಡಿಯಬೇಕು! ಬಳ್ಳಾರಿ ಜಿಲ್ಲೆಯವರಾದ ನಮಗೆ ಇದೊಂದು ಸಣ್ಣ ಸಂತೋಷ.

ಆದರೆ ರಸ್ತೆ ನಮ್ಮದೆನಿಸಿದ ಮಾತ್ರಕ್ಕೆ ನಿಲ್ದಾಣವೂ ನಮ್ಮದೆನಿಸುವುದಿಲ್ಲ. ಸಿರುಗುಪ್ಪ ತಾಲ್ಲೂಕಿನ ಕರೂರಿನಂಥ ಊರನ್ನು ನೆನೆಯಿರಿ. ಕಪ್ಪು ಮಣ್ಣಿನ ಆ ಸೀಮೆಗೆ ತುಂಗಭದ್ರೆಯ ಕಾಲುವೆಯ ನೀರು ಬಂದ ಮೇಲೆ ಭತ್ತದ ಬೆಳೆ ಬಂದಿತು. ಭತ್ತದ ಹಣದಿಂದ ಮಕ್ಕಳ ಓದು ಸಾಗಿತು. ಓದಿದ ಮಕ್ಕಳು ಮೊದಲು ಬಳ್ಳಾರಿಗೆ, ಆಮೇಲೆ ಬೆಂಗಳೂರಿಗೆ, ಈಗ ಕಡಲಾಚೆಗೂ ಹೊರಟಿದ್ದಾರೆ. ನಾನು ಪಾಠ ಹೇಳಿದ ಹುಡುಗ ಹುಡುಗಿಯರಲ್ಲಿಯೇ ಕೆಲವರು ಹೀಗೆ ಹೋದವರು. ಹೋಗುವವರೇನೋ ತರುಣರು, ನಾಲ್ಕು ಕಡೆ ಕೇಳಿ, ನೋಡಿ, ಕಲಿತುಕೊಳ್ಳುತ್ತಾರೆ. ಅವರನ್ನು ಕಳಿಸಿಕೊಡಲು ಬರುವ ತಂದೆ ತಾಯಿ, ಅಜ್ಜ ಅಜ್ಜಿಯರಿಗೆ ಮಾತ್ರ ಆ ಗಾಜಿನ ಮಹಾದ್ವಾರದ ಮುಂದೆ ಕೈಕಾಲು ಆಡದಂತಾಗುತ್ತದೆ. ಮುಂದಿನ ಮಾತುಗಳು ಪ್ರಯಾಣಿಕನಿಗೆ ಎಷ್ಟೋ ಅಷ್ಟೇ ಅವನ ಮನೆಯವರಿಗೂ ಸೇರಿದುವು.

ನಿಲ್ದಾಣದ ಪೂರ್ವಕಥೆ

ವಿಮಾನವೆಂಬುದು ಬೆಂಗಳೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಡನೆ 1940ರ ಡಿಸೆಂಬರಿನಲ್ಲಿ ಇಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಕಾರ್ಖಾನೆಗಾಗಿ ಮಾಡಿದ ಬಯಲೇ ಮುಂದೆ ನಗರದ ವಿಮಾನ ನಿಲ್ದಾಣವಾಗಿ ದಶಕಗಳ ಕಾಲ ದುಡಿಯಿತು. ನಗರವು ಅದರ ಸುತ್ತ ಬೆಳೆದು, ಅದು ನಡುವೆ ಸಿಕ್ಕಿಕೊಂಡ ಮೇಲೆ ಹೊಸ ಜಾಗವನ್ನು ಹುಡುಕುವುದು ಅನಿವಾರ್ಯವಾಯಿತು. ದೇವನಹಳ್ಳಿಯ ಬಳಿ ಸುಮಾರು 4,000 ಎಕರೆ ನೆಲದಲ್ಲಿ ಹೊಸ ನಿಲ್ದಾಣವು ಸಿದ್ಧವಾಗಿ, 2008ರ ಮೇ 24ರಿಂದ ಅಲ್ಲಿ ವಿಮಾನಗಳು ಏರಿಳಿಯತೊಡಗಿದುವು. 2013ರ ಡಿಸೆಂಬರಿನಲ್ಲಿ ಅದಕ್ಕೆ ಕೆಂಪೇಗೌಡನ ಹೆಸರನ್ನಿಟ್ಟರು.

ಹೆಸರಿನಲ್ಲಿಯೂ ನಮಗೆ ಒಂದು ನಂಟುಂಟು. 1537ರಲ್ಲಿ ಬೆಂಗಳೂರನ್ನು ಕಟ್ಟಿದನೆಂದು ಹೇಳುವ ಕೆಂಪೇಗೌಡನು ವಿಜಯನಗರದ ಅರಸರ ಸಾಮಂತ. ಆ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಹಂಪೆಯು 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವ ತನಕ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಕರೂರಿನಿಂದ ಹೊರಟವನು ಹಂಪೆಯ ಸೀಮೆಯನ್ನು ಬಿಟ್ಟು ಅದರ ಸಾಮಂತನ ಅಂಗಳಕ್ಕೆ ಬಂದು ಇಳಿಯುತ್ತಾನೆ. ನಿಲ್ದಾಣದ ಆವರಣದಲ್ಲಿ 108 ಅಡಿ ಎತ್ತರದ ಕಂಚಿನ ಕೆಂಪೇಗೌಡನು ಖಡ್ಗಧಾರಿಯಾಗಿ ನಿಂತಿದ್ದಾನೆ. ಶಿಲ್ಪಿ ರಾಮ್ ಸುತಾರರ ಕೃತಿಯಾದ ಈ ಪ್ರತಿಮೆಯು 2022ರ ನವೆಂಬರ್ 11ರಂದು ಅನಾವರಣಗೊಂಡಿತು. ಎರಡನೆಯ ಟರ್ಮಿನಲ್ಲಿನ ಉದ್ಘಾಟನೆಯೂ ಅದೇ ದಿನ ನಡೆಯಿತು.

ನಿಲ್ದಾಣದ ಗಾತ್ರವನ್ನು ಎರಡು ಮಾತಿನಲ್ಲಿ ಹೇಳಬಹುದು. ಇಲ್ಲಿರುವ ಓಡುದಾರಿಗಳು ಎರಡು; ಒಂದೊಂದೂ 4,000 ಮೀಟರ್ ಉದ್ದ. ಎರಡನೆಯದು 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂದಿತು. 2024-25ರ ಒಂದೇ ಸಾಲಿನಲ್ಲಿ ಇಲ್ಲಿ ಹಾದುಹೋದ ಪ್ರಯಾಣಿಕರ ಸಂಖ್ಯೆ 4 ಕೋಟಿಯನ್ನು ದಾಟಿತು. ನಮ್ಮ ಜಾತ್ರೆಗಳಲ್ಲಿ ಸೇರುವ ಜನವನ್ನು ಕಂಡವರಿಗೂ ಈ ಲೆಕ್ಕ ಕಣ್ಣಿಗೆ ಕಟ್ಟುವುದು ಕಷ್ಟ. ಇಷ್ಟು ಜನವನ್ನು ಗದ್ದಲವಿಲ್ಲದೆ ಸಾಗಿಸಬೇಕಾದರೆ ಒಂದು ಕಟ್ಟುನಿಟ್ಟು ಇರಲೇಬೇಕು. ಆ ಕಟ್ಟುನಿಟ್ಟಿನ ಕ್ರಮವನ್ನು ಮೊದಲೇ ತಿಳಿದವನಿಗೆ ನಿಲ್ದಾಣವು ಬಲು ಸುಲಭ. ತಿಳಿಯದವನಿಗೆ ಅದೊಂದು ಚಕ್ರವ್ಯೂಹ.

ನಮ್ಮ ಕಡೆಯಿಂದ ದಾರಿ

ಕರೂರಿನವರು ಮೊದಲು ಬಳ್ಳಾರಿಗೆ ಬರಬೇಕು. ಅಲ್ಲಿಂದ ಮುಂದಕ್ಕೆ ದಾರಿ ನಾಲ್ಕು.

ಮೊದಲನೆಯದು ರೈಲಿನದು. ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿಯ ಹೊತ್ತಿನಲ್ಲಿ ಬಳ್ಳಾರಿಯಿಂದ ಹೊರಟು, ಗುಂತಕಲ್ಲು, ಧರ್ಮಾವರ, ಹಿಂದೂಪುರಗಳ ಮೂಲಕ ಬೆಳಗಿನ ವೇಳೆಗೆ ಬೆಂಗಳೂರನ್ನು ಮುಟ್ಟುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವವರು ನಗರದ ನಡುವಿನವರೆಗೆ ಹೋಗಿ ಹಿಂದಿರುಗುವ ಬದಲು ಯಲಹಂಕದಲ್ಲಿಯೇ ಇಳಿದರೆ ದಾರಿಯೂ ವೇಳೆಯೂ ಉಳಿಯುತ್ತವೆ. ಅಲ್ಲಿಂದ ನಿಲ್ದಾಣಕ್ಕೆ ಸುಮಾರು 20 ಕಿಲೋಮೀಟರ್. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ವಿಮಾನ ನಿಲ್ದಾಣದ ಹೆಸರಿನದೇ ಒಂದು ಪುಟ್ಟ ನಿಲುಗಡೆಯನ್ನು 2021ರ ಜನವರಿಯಲ್ಲಿ ತೆರೆದರು. ಅಲ್ಲಿ ನಿಲ್ಲುವ ಗಾಡಿಗಳು ಕೆಲವೇ ಆದುದರಿಂದ ವೇಳೆಯನ್ನು ನೋಡಿಕೊಂಡೇ ಅದನ್ನು ನೆಚ್ಚಬೇಕು. ನಿಲುಗಡೆಯಿಂದ ಟರ್ಮಿನಲ್ಲಿಗೆ ನಡೆದು ಹೋಗುವಷ್ಟು ಹತ್ತಿರವೂ ಅಲ್ಲ.

ಎರಡನೆಯದು ಬಸ್ಸಿನದು. ರಾತ್ರಿ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿದರೆ, ಅಲ್ಲಿಂದಲೇ ವಾಯುವಜ್ರವೆಂಬ ತಂಪುಬಸ್ಸು ಸಿಗುತ್ತದೆ. ಮೆಜೆಸ್ಟಿಕ್ಕಿನಿಂದ ಹೊರಡುವ ಬಸ್ಸಿನ ಸಂಖ್ಯೆ ಕೆ.ಐ.ಎ. 9. ನಗರದ ನಡುವಿನಿಂದ ನಿಲ್ದಾಣಕ್ಕೆ ಸುಮಾರು 35 ಕಿಲೋಮೀಟರ್. ಆದರೆ ಹೆಬ್ಬಾಳದ ಜನಸಂದಣಿಯನ್ನು ಕಿಲೋಮೀಟರಿನಲ್ಲಿ ಅಳೆಯುವವನು ಮೋಸಹೋಗುತ್ತಾನೆ. ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು, ಈ ಹೊತ್ತುಗಳಲ್ಲಿ ಎರಡು ಗಂಟೆಯನ್ನು ದಾರಿಗೇ ಮೀಸಲಿಡುವುದು ಮೇಲು.

ಮೂರನೆಯದು ಸ್ವಂತ ವಾಹನ ಅಥವಾ ಬಾಡಿಗೆ ವಾಹನದ್ದು. ಹಿರಿಯೂರು, ತುಮಕೂರುಗಳ ಮೇಲೆ ಬಂದು ಬೆಂಗಳೂರಿನ ಒಳಹೊಕ್ಕು ಮತ್ತೆ ಉತ್ತರಕ್ಕೆ ತಿರುಗುವುದು ನಮ್ಮವರಿಗೆ ರೂಢಿ. ಆದರೆ ಬಳ್ಳಾರಿಯಿಂದ ಉರವಕೊಂಡ, ಅನಂತಪುರಗಳ ಮೇಲೆ ಹೈದರಾಬಾದಿನ ಹೆದ್ದಾರಿಯನ್ನು ಸೇರಿ, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಮೂಲಕ ಬಂದರೆ ಬೆಂಗಳೂರನ್ನು ಮುಟ್ಟುವ ಮುನ್ನವೇ ನಿಲ್ದಾಣವು ಎದುರಾಗುತ್ತದೆ. ನಗರದ ಸಂದಣಿಯ ತಂಟೆಯೇ ಇಲ್ಲ. ದಾರಿಯುದ್ದಕ್ಕೂ ನೋಡುವುದಕ್ಕೂ ಬೇಕಾದಷ್ಟಿದೆ. 1882ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅನಂತಪುರವು ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ಮೇಲೆ ನಡುವೆ ರಾಜ್ಯದ ಗಡಿಯೇ ಬಂದಿತು. 1565ರ ಯುದ್ಧದಲ್ಲಿ ಹಂಪೆಯು ಹಾಳಾದಮೇಲೆ ವಿಜಯನಗರದ ಅರಸರಿಗೆ ಆಸರೆಯಾದ ಪೆನುಕೊಂಡದ ಬೆಟ್ಟವೂ ಈ ಹಾದಿಯಲ್ಲಿಯೇ ಕಾಣುತ್ತದೆ. ದೇವನಹಳ್ಳಿಯ ಕೋಟೆಯನ್ನೂ ಟಿಪ್ಪು ಸುಲ್ತಾನನ ಜನ್ಮಸ್ಥಳವನ್ನೂ, ವೇಳೆಯಿದ್ದರೆ, ಹಿಂದಿರುಗುವಾಗ ನೋಡಬಹುದು. ಆ ಸೀಮೆಯ ಚಕ್ಕೋತ ಹಣ್ಣು ಬಲು ಪ್ರಸಿದ್ಧ; ಮಗನನ್ನು ಕಳಿಸಿ ಬರಿಗೈಯಲ್ಲಿ ಹಿಂದಿರುಗುವ ತಾಯಿಗೆ ಒಂದು ಹಣ್ಣನ್ನು ಕೊಡಿಸುವುದು ಒಳ್ಳೆಯ ಉಪಾಯ.

ನಾಲ್ಕನೆಯ ದಾರಿ ಆಕಾಶದ್ದೇ. ಬಳ್ಳಾರಿಗೆ ಹತ್ತಿರವಿರುವ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಲ್ಲಿ ಸಾರ್ವಜನಿಕ ಹಾರಾಟ ನಡೆದುಬಂದಿದೆ. ಅಲ್ಲಿ ಕಂಪನಿಗಳೂ ವೇಳಾಪಟ್ಟಿಯೂ ಬದಲಾಗುತ್ತ ಬಂದಿರುವುದರಿಂದ ಆಯಾ ತಿಂಗಳಿನಲ್ಲಿ ಬೆಂಗಳೂರಿನ ವಿಮಾನವಿದೆಯೇ ಎಂದು ವಿಚಾರಿಸಿಯೇ ಯೋಚನೆ ಮಾಡಬೇಕು.

ಬೆಂಗಳೂರಿನ ಕಡೆಯಿಂದ ಬರುವವರಿಗೆ ಬಳ್ಳಾರಿ ರಸ್ತೆಯಲ್ಲಿ ಇನ್ನೊಂದು ವಿನೋದ ಕಾದಿದೆ. ಹೆಬ್ಬಾಳವನ್ನು ದಾಟಿದ ಕೂಡಲೆ ಜಕ್ಕೂರಿನ ಬಯಲು. ಅಲ್ಲಿ ತರುಣರಿಗೆ ವಿಮಾನ ನಡೆಸುವುದನ್ನು ಕಲಿಸುವ ಸರ್ಕಾರಿ ಶಾಲೆ. ಮುಂದೆ ಯಲಹಂಕದ ವಾಯುಪಡೆಯ ನೆಲೆ. 1996ರಿಂದ ಆರಂಭವಾದ ವೈಮಾನಿಕ ಪ್ರದರ್ಶನದಿಂದ ಅದು ಲೋಕಪ್ರಸಿದ್ಧ. ಆಮೇಲೆ ಸಾದಹಳ್ಳಿಯ ಸುಂಕದ ಕಟ್ಟೆ, ಅದರಾಚೆ ದೇವನಹಳ್ಳಿಯ ನಿಲ್ದಾಣ. ಹೀಗೆ ಒಂದೇ ರಸ್ತೆಯ ಮಗ್ಗುಲಲ್ಲಿ ಮೂರು ವಿಮಾನ ಬಯಲುಗಳು! ಮಕ್ಕಳನ್ನು ಕರೆದುಕೊಂಡು ಬಂದವರು ಅವರನ್ನು ಕಿಟಕಿಯ ಬಳಿ ಕೂರಿಸಿದರೆ ದಾರಿಯೇ ಪಾಠವಾಗುತ್ತದೆ.

ಗಂಟು ಕಟ್ಟುವ ಮುನ್ನ

ವಿಮಾನ ಪ್ರಯಾಣದ ಅರ್ಧ ಕಷ್ಟವು ಮನೆಯಲ್ಲಿಯೇ, ಪೆಟ್ಟಿಗೆ ತುಂಬುವಾಗಲೇ ಹುಟ್ಟುತ್ತದೆ. ದೇಶದೊಳಗಿನ ಹಾರಾಟಗಳಲ್ಲಿ ಸಾಧಾರಣ ದರದ ಟಿಕೆಟ್ಟಿಗೆ ಬಹುಪಾಲು ಕಂಪನಿಗಳು ದೊಡ್ಡ ಸಾಮಾನಿಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ ತೂಕವನ್ನು ಗೊತ್ತುಮಾಡಿವೆ. ವಿದೇಶದ ಟಿಕೆಟ್ಟಿನಲ್ಲಿ ತೂಕವು ಹೆಚ್ಚಿರುತ್ತದೆ. ಎಷ್ಟೆಂಬುದು ಟಿಕೆಟ್ಟಿನಲ್ಲಿಯೇ ಅಚ್ಚಾಗಿರುತ್ತದೆ. ಮನೆಯಲ್ಲಿ ಭತ್ತ ತೂಗುವ ತಕ್ಕಡಿಯಿದ್ದರೆ ಪೆಟ್ಟಿಗೆಯನ್ನು ಅದರ ಮೇಲೆ ಒಮ್ಮೆ ಇಡುವುದು ಲೇಸು. ಇಲ್ಲವಾದರೆ ನಿಲ್ದಾಣದಲ್ಲಿ ನೂರು ಜನರ ಎದುರಿಗೆ ಪೆಟ್ಟಿಗೆಯನ್ನು ಬಿಚ್ಚಿ, ಚಟ್ನಿಪುಡಿಯೋ ಹೊದಿಕೆಯೋ ಎಂದು ತೀರ್ಮಾನಿಸಬೇಕಾಗುತ್ತದೆ.

ಚಾಕು, ಕತ್ತರಿ, ಈಳಿಗೆಗಳು ದೊಡ್ಡ ಪೆಟ್ಟಿಗೆಯಲ್ಲಿಯೇ ಇರಬೇಕು, ಕೈಚೀಲದಲ್ಲಿ ಕೂಡದು. ಫೋನಿಗೆ ವಿದ್ಯುತ್ ತುಂಬುವ ಪವರ್‌ಬ್ಯಾಂಕು ಇದಕ್ಕೆ ತದ್ವಿರುದ್ಧ. ಅದು ಕೈಚೀಲದಲ್ಲಿಯೇ ಇರಬೇಕು. ವಿದೇಶದ ಹಾರಾಟದಲ್ಲಿ ಕೈಚೀಲದಲ್ಲಿಟ್ಟ ಯಾವ ದ್ರವವೂ 100 ಮಿಲಿಲೀಟರಿನ ಸೀಸೆಯನ್ನು ಮೀರುವಂತಿಲ್ಲ. ತುಪ್ಪ, ಉಪ್ಪಿನಕಾಯಿಗಳನ್ನು ಬಾಯಿ ಭದ್ರಪಡಿಸಿ ದೊಡ್ಡ ಪೆಟ್ಟಿಗೆಗೆ ಸೇರಿಸುವುದೇ ಕ್ಷೇಮ.

ನಮ್ಮ ಹೆಂಗಸರಿಗೆ ಮನಸ್ಸಿಗೆ ಹಿಡಿಸದ ನಿಯಮವೊಂದಿದೆ. ಒಣಕೊಬ್ಬರಿಯನ್ನು ವಿಮಾನದ ಸಾಮಾನಿನಲ್ಲಿ ಬಿಡುವುದಿಲ್ಲ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚಾದುದರಿಂದ ಬೇಗ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಮಗಳಿಗೆ ಉಡಿ ತುಂಬಿ ಕಳಿಸುವ ತಾಯಿಗೆ ಇದು ಅಪಶಕುನದಂತೆ ತೋರಬಹುದು. ಉಡಿಯನ್ನು ಮನೆಯ ದೇವರ ಮುಂದೆಯೇ ತುಂಬಿ, ಕೊಬ್ಬರಿಯನ್ನು ಅಲ್ಲಿಯೇ ಇಳಿಸಿಕೊಂಡು, ಅರಿಶಿನ ಕುಂಕುಮದ ಪೊಟ್ಟಣವನ್ನಷ್ಟೇ ಪೆಟ್ಟಿಗೆಯಲ್ಲಿಟ್ಟು ಕಳಿಸಿದರೆ ಶಾಸ್ತ್ರವೂ ಉಳಿಯುತ್ತದೆ, ಪ್ರಯಾಣವೂ ಸಾಗುತ್ತದೆ.

ಅಕ್ಕಿಯ ಮಾತು ಇನ್ನೂ ವಿಚಿತ್ರ. ಸಿರುಗುಪ್ಪದ ಸೀಮೆಯವರಿಗೆ ಸ್ವಂತ ಗದ್ದೆಯ ಸೋನಾ ಮಸೂರಿಯನ್ನು ಮಗನ ಕೈಗೆ ಕಟ್ಟಿ ಕಳಿಸುವ ಆಸೆ ಸಹಜ. ಅಮೆರಿಕಕ್ಕೆ ಹೋಗುವವನಾದರೆ ಆ ಆಸೆಯನ್ನು ಬಿಡಬೇಕು. ದಾಸ್ತಾನಿನ ಧಾನ್ಯವನ್ನು ಹಾಳುಮಾಡುವ ಖಾಪ್ರಾ ಎಂಬ ಕೀಟಕ್ಕೆ ಹೆದರಿ, ಆ ಕೀಟವಿರುವ ದೇಶಗಳ ಅಕ್ಕಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ತರಕೂಡದೆಂದು ಅಮೆರಿಕವು 2011ರಿಂದ ತಡೆದಿದೆ. ನಮ್ಮ ದೇಶವೂ ಆ ಪಟ್ಟಿಯಲ್ಲಿದೆ. ಹಸಿ ಹಣ್ಣು, ಬಿತ್ತನೆಯ ಬೀಜಗಳಿಗೂ ಇಂಥದೇ ಅಡ್ಡಿ. ಸುಟ್ಟು ಒಣಗಿಸಿದ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೂ ಅಲ್ಲಿಯ ಅಧಿಕಾರಿಯು ಕೇಳಿದಾಗ ತಿನಿಸು ಇದೆಯೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಮುಚ್ಚಿಟ್ಟದ್ದು ಸಿಕ್ಕಿದರೆ ದಂಡ. ಹೇಳಿದರೆ ಹೆಚ್ಚೆಂದರೆ ತಿನಿಸು ಹೋದೀತು.

ದುಡಿಮೆಗಾಗಿ ಕೊಲ್ಲಿ ದೇಶಗಳಿಗೆ ಹೋಗುವವರು ಇನ್ನೊಂದನ್ನು ಗಮನಿಸಬೇಕು. 10ನೆಯ ತರಗತಿಯನ್ನು ಪಾಸುಮಾಡದವರ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂಬ ಗುರುತಿರುತ್ತದೆ. ಇಂಥವರು ಆ ಕಡೆಯ ಹಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದ ಅನುಮತಿಯನ್ನು ಪಡೆಯಬೇಕೆಂಬ ಕಟ್ಟಳೆಯುಂಟು. ಕೂಲಿಕಾರನು ಮೋಸದ ದಲ್ಲಾಳಿಯ ಕೈಗೆ ಸಿಕ್ಕಿಬೀಳಬಾರದೆಂಬುದೇ ಇದರ ಉದ್ದೇಶ. ಅದೇನೂ ಬೇಡವೆಂದು ದಲ್ಲಾಳಿಯೇ ಹೇಳಿದರೆ ಅವನ ಮಾತನ್ನು ನಂಬದಿರುವುದೇ ಒಳ್ಳೆಯದು. ಸಾಲ ಮಾಡಿ ಟಿಕೆಟ್ಟು ಕೊಂಡವನು ನಿಲ್ದಾಣದೊಳಗಿನಿಂದ ಹಿಂದಿರುಗಿ ಬರುವಂತಾದರೆ ಆ ಮನೆಯ ಗತಿಯೇನು?

ಬಾಗಿಲಿನ ಹೊರಗೆ

ನಿಲ್ದಾಣದಲ್ಲಿ ಎರಡು ಟರ್ಮಿನಲ್ಲುಗಳಿವೆ. 2023ರ ಸೆಪ್ಟೆಂಬರಿನಿಂದ ವಿದೇಶದ ಹಾರಾಟಗಳು ಎರಡನೆಯದಕ್ಕೆ ಬಂದಿವೆ. ದೇಶದೊಳಗಿನ ಹಾರಾಟಗಳು ಕಂಪನಿಗೆ ತಕ್ಕಂತೆ ಎರಡರಲ್ಲಿಯೂ ಹಂಚಿಹೋಗಿವೆ. ಯಾವ ಟರ್ಮಿನಲ್ಲೆಂಬುದನ್ನು ಟಿಕೆಟ್ಟಿನಲ್ಲಿ ನೋಡಿಕೊಂಡು ವಾಹನ ನಡೆಸುವವನಿಗೆ ಮೊದಲೇ ಹೇಳಬೇಕು. ತಪ್ಪಿ ಇನ್ನೊಂದಕ್ಕೆ ಬಂದರೂ ಗಾಬರಿ ಬೇಡ. ಎರಡರ ನಡುವೆ ಬಸ್ಸು ಓಡಾಡುತ್ತದೆ. ಆದರೆ ಆ ಅರ್ಧ ಗಂಟೆಯು ಬೀಳ್ಕೊಡುವ ಹೊತ್ತಿನಿಂದಲೇ ಕಳೆದುಹೋಗುತ್ತದೆ.

ಈಗ ಮುಖ್ಯವಾದ ಮಾತು. ಬಳ್ಳಾರಿಯ ರೈಲು ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಚೀಟಿಯನ್ನು ಕೊಂಡರೆ ಗಾಡಿಯ ಕಿಟಕಿಯವರೆಗೂ ಹೋಗಬಹುದು. ಗಾಡಿ ಹೊರಟ ಮೇಲೂ ನಾಲ್ಕು ಹೆಜ್ಜೆ ಜೊತೆಯಲ್ಲಿ ನಡೆದು ಇನ್ನೊಂದು ಮಾತನ್ನು ಹೇಳಬಹುದು. ವಿಮಾನ ನಿಲ್ದಾಣದಲ್ಲಿ ಹಾಗಿಲ್ಲ. ಟರ್ಮಿನಲ್ಲಿನ ಹೆಬ್ಬಾಗಿಲಿನಲ್ಲಿ ಕೇಂದ್ರದ ಭದ್ರತಾ ಪಡೆಯ ಜವಾನರು ನಿಂತಿರುತ್ತಾರೆ. ಟಿಕೆಟ್ಟೂ ಭಾವಚಿತ್ರವಿರುವ ಗುರುತಿನ ಚೀಟಿಯೂ ಇದ್ದವರನ್ನೇ ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ. ಒಮ್ಮೆ ಒಳಹೊಕ್ಕ ಪ್ರಯಾಣಿಕನು ಮಾತನಾಡಿ ಬರುತ್ತೇನೆಂದು ಹೊರಗೆ ಬರುವುದೂ ಸುಲಭವಲ್ಲ. ಹೋಗುವವರಿಗೂ ಉಳಿಯುವವರಿಗೂ ನಡುವಣ ಗೆರೆಯು ವಿಮಾನದ ಬಳಿಯಲ್ಲಲ್ಲ, ಈ ಬಾಗಿಲಿನಲ್ಲಿಯೇ ಇದೆ.

ಒಂದು ಮುಂಜಾವಿನಲ್ಲಿ ಎರಡನೆಯ ಟರ್ಮಿನಲ್ಲಿನ ಮುಂದೆ ನಮ್ಮ ಕಡೆಯದೊಂದು ಸಂಸಾರವನ್ನು ಕಂಡೆ. ಹನ್ನೊಂದು ಜನ ಒಂದು ಟೆಂಪೊದಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದರು. ಹುಡುಗನು ಸಾಮಾನಿನ ಗಾಡಿಯನ್ನು ತಳ್ಳುತ್ತ, ಗುರುತಿನ ಚೀಟಿಯನ್ನು ತೋರಿಸಿ, ಮನೆಯವರೂ ಹಿಂದೆ ಬರುತ್ತಿದ್ದಾರೆಂದು ತಿಳಿದು ಒಳಗೆ ನಡೆದುಬಿಟ್ಟನು. ಹಿಂದೆಯೇ ಇದ್ದ ಅಜ್ಜಿಯನ್ನು ಜವಾನನು ಮೆಲ್ಲಗೆ ತಡೆದನು. ಆಕೆಯ ಕೈಯಲ್ಲಿ ಬುತ್ತಿಯ ಗಂಟು ಹಾಗೆಯೇ ಇತ್ತು. "ಯಪ್ಪಾ, ಇಲ್ಲಿಗೇ ಮುಗೀತಂತ ಯಾರೂ ಹೇಳ್ಲಿಲ್ಲಲ್ಲೋ. ತಲಿ ಮ್ಯಾಲ ಕೈ ಇಡಬೇಕಂದಿದ್ದೆ" ಎಂದು ಆಕೆ ಯಾರಿಗೆಂದಿಲ್ಲದೆ ಹೇಳಿದಳು. ಗಾಜಿನ ಆಚೆಗೆ ಹುಡುಗನು ತಿರುಗಿ ನೋಡಿದನು, ಕೈಯೆತ್ತಿದನು, ಹಿಂದಿನವರು ನೂಕಿದ್ದರಿಂದ ಮುಂದಕ್ಕೆ ಸರಿದನು. ಜವಾನನ ತಪ್ಪೇನೂ ಇಲ್ಲ. ಅವನು ನಿಯಮವನ್ನು ಪಾಲಿಸಿದನು. ಹುಡುಗನ ತಪ್ಪೂ ಇಲ್ಲ. ಬಾಗಿಲೆಲ್ಲಿ ಮುಚ್ಚುತ್ತದೆಂಬುದು ಆ ಹನ್ನೊಂದು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ, ಅಷ್ಟೆ.

ಆದುದರಿಂದ ಬೀಳ್ಕೊಡಲು ಬಂದವರು ವಾಹನದಿಂದ ಇಳಿದ ಕೂಡಲೆ ಬಾಗಿಲಿನ ಸಾಲಿಗೆ ನುಗ್ಗಬಾರದು. ಟರ್ಮಿನಲ್ಲಿನ ಹೊರಗೆ ಕುಳಿತುಕೊಳ್ಳುವುದಕ್ಕೆ ಜಾಗವಿದೆ. ಕಾಫಿ ಉಪಾಹಾರದ ಅಂಗಡಿಗಳಿವೆ. ಬಾಗಿಲಿನ ಎದುರಿನ ರಸ್ತೆಯಲ್ಲಿ ವಾಹನವನ್ನು ಹೆಚ್ಚು ಹೊತ್ತು ನಿಲ್ಲಿಸಲು ಬಿಡುವುದಿಲ್ಲವಾದ್ದರಿಂದ, ಹಣ ಕೊಟ್ಟು ನಿಲ್ಲಿಸುವ ಬಯಲಿಗೆ ಅದನ್ನು ಕಳಿಸಿ ನೆಮ್ಮದಿಯಾಗಿ ಕೂರಬೇಕು. ಬುತ್ತಿಯನ್ನು ಅಲ್ಲಿಯೇ ಬಿಚ್ಚಿ ಎಲ್ಲರೂ ಉಂಡು, ಹಿರಿಯರ ಕಾಲಿಗೆ ಬಿದ್ದು, ಹೇಳಬೇಕಾದ ಮಾತನ್ನೆಲ್ಲ ಹೇಳಿ, ಆಮೇಲೆ ಬಾಗಿಲಿಗೆ ಹೋದರೆ ಮನಸ್ಸಿಗೆ ಕೊರಗು ಉಳಿಯುವುದಿಲ್ಲ. ಇದಕ್ಕಾಗಿ ಒಂದು ಗಂಟೆಯನ್ನು ಹೆಚ್ಚಾಗಿಯೇ ಇಟ್ಟುಕೊಂಡು ಮನೆಯನ್ನು ಬಿಡಿರಿ. ವಿಮಾನದ ವೇಳೆಯನ್ನು ಲೆಕ್ಕ ಹಾಕುವ ನಾವು ಈ ಗಂಟೆಯನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಮರೆಯುತ್ತೇವೆ.

ಬಾಗಿಲುಗಳ ಕ್ರಮ

ಒಳಹೊಕ್ಕವನಿಗೆ ಮುಂದಿನ ಕ್ರಮ ಹೀಗೆ. ವಿದೇಶದ ಹಾರಾಟವಾದರೆ 3 ಗಂಟೆ, ದೇಶದೊಳಗಿನದಾದರೆ 2 ಗಂಟೆ ಮುಂಚೆ ಒಳಗಿರಬೇಕು. ಮೊದಲು ತನ್ನ ಕಂಪನಿಯ ಕಟ್ಟೆಯನ್ನು ಹುಡುಕಿ, ಪೆಟ್ಟಿಗೆಯನ್ನು ತೂಗಿಸಿ ಒಪ್ಪಿಸಿ, ಬೋರ್ಡಿಂಗ್ ಪಾಸನ್ನು ಪಡೆಯಬೇಕು. ಈ ಕಟ್ಟೆಗಳು ವಿಮಾನ ಹೊರಡುವುದಕ್ಕೆ ಸುಮಾರು 1 ಗಂಟೆ ಮುಂಚೆಯೇ ಮುಚ್ಚುತ್ತವೆ. ಟಿಕೆಟ್ಟಿನಲ್ಲಿರುವುದು ವಿಮಾನ ಹಾರುವ ವೇಳೆಯೇ ಹೊರತು ಪ್ರಯಾಣಿಕನು ಬಂದು ಮುಟ್ಟುವ ವೇಳೆಯಲ್ಲ.

ವಿದೇಶಕ್ಕೆ ಹೋಗುವವನು ಅನಂತರ ವಲಸೆ ಅಧಿಕಾರಿಯ ಮುಂದೆ ನಿಲ್ಲಬೇಕು. ಎಲ್ಲಿಗೆ, ಏತಕ್ಕೆ, ಎಷ್ಟು ದಿನಕ್ಕೆ ಎಂದು ಆತನು ಕೇಳಬಹುದು. ಕೇಳಿದಷ್ಟಕ್ಕೆ ನೇರವಾಗಿ ಉತ್ತರ ಕೊಟ್ಟರೆ ಸಾಕು. ಆಮೇಲೆ ಭದ್ರತಾ ತಪಾಸಣೆ. ಕೈಚೀಲ, ಫೋನು, ನಡುಪಟ್ಟಿ ಎಲ್ಲವನ್ನೂ ತಟ್ಟೆಯಲ್ಲಿಟ್ಟು ಯಂತ್ರದೊಳಗೆ ಬಿಡಬೇಕು. ಹೆಂಗಸರ ತಪಾಸಣೆಯನ್ನು ಹೆಂಗಸರೇ ಮರೆಯಲ್ಲಿ ಮಾಡುತ್ತಾರೆ; ಸಂಕೋಚಕ್ಕೆ ಕಾರಣವಿಲ್ಲ. ಕೊನೆಯದು ವಿಮಾನಕ್ಕೆ ಹೋಗುವ ಗೇಟು. ಅದರ ಸಂಖ್ಯೆಯು ಪಾಸಿನ ಮೇಲಿರುತ್ತದೆಯಾದರೂ ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು. ಯಾರಾದರೂ ಕೂಗಿ ಹೇಳುವರೆಂದು ನೆಚ್ಚಿ ಕೂರದೆ ಮೇಲಿನ ಫಲಕವನ್ನು ಆಗಾಗ್ಗೆ ನೋಡುತ್ತಿರಬೇಕು. ವಿಮಾನ ಹಾರುವುದಕ್ಕೆ 20-25 ನಿಮಿಷ ಮುಂಚೆ ಗೇಟೂ ಮುಚ್ಚುತ್ತದೆ.

2022ರ ಡಿಸೆಂಬರಿನಿಂದ ಡಿಜಿಯಾತ್ರಾ ಎಂಬ ಹೊಸ ಏರ್ಪಾಟು ಇಲ್ಲಿದೆ. ಫೋನಿನಲ್ಲಿ ಮೊದಲೇ ಹೆಸರು ನೋಂದಾಯಿಸಿದವರ ಮುಖವನ್ನೇ ಯಂತ್ರವು ಗುರುತಿಸಿ ಬಾಗಿಲನ್ನು ತೆರೆಯುತ್ತದೆ. ಇದು ಬೇಕಾದವರಿಗೆ ಮಾತ್ರ. ಚೀಟಿಯನ್ನು ತೋರಿಸಿ ಹೋಗುವ ಹಳೆಯ ಪದ್ಧತಿಯೂ ಉಂಟು. ವಯಸ್ಸಾದವರಿಗೆ ನಡೆಯಲು ಕಷ್ಟವಾದರೆ ಟಿಕೆಟ್ಟು ಕೊಳ್ಳುವಾಗಲೇ ಗಾಲಿಕುರ್ಚಿ ಬೇಕೆಂದು ಕಂಪನಿಗೆ ತಿಳಿಸಬೇಕು. ಸಹಾಯಕನೊಬ್ಬನು ಕುರ್ಚಿಯನ್ನು ತಳ್ಳಿಕೊಂಡು ಎಲ್ಲ ಬಾಗಿಲುಗಳನ್ನೂ ದಾಟಿಸಿ ವಿಮಾನದವರೆಗೆ ಬಿಡುತ್ತಾನೆ. ಮೊದಲ ಬಾರಿಗೆ ಒಬ್ಬಂಟಿಯಾಗಿ ಮಗಳ ಮನೆಗೆ ಹೊರಟ ತಾಯಂದಿರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಭಾಷೆಯ ಅಂಜಿಕೆಯನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬನ್ನಿ. ಫಲಕಗಳಲ್ಲಿ ಕನ್ನಡವಿದೆ. ಬಾಗಿಲಿನ ಜವಾನನು ಉತ್ತರದೇಶದವನಿರಬಹುದು. ಆದರೆ ಕಂಪನಿಗಳ ಕಟ್ಟೆಗಳಲ್ಲಿಯೂ, ಅಂಗಡಿಗಳಲ್ಲಿಯೂ, ಸಾಮಾನಿನ ಗಾಡಿ ತಳ್ಳುವವರಲ್ಲಿಯೂ ಕನ್ನಡಿಗರು ಸಿಕ್ಕೇ ಸಿಗುತ್ತಾರೆ. ತಿಳಿಯದ್ದನ್ನು ಕನ್ನಡದಲ್ಲಿ ಕೇಳುವುದು ಅವಮಾನವಲ್ಲ. ಕೇಳದೆ ತಪ್ಪು ಗೇಟಿನ ಮುಂದೆ ಕುಳಿತು ವಿಮಾನವನ್ನು ಕಳೆದುಕೊಳ್ಳುವುದೇ ನಷ್ಟ.

ಮಳೆಗಿಂತ ಇಲ್ಲಿ ಮಂಜಿನ ಕಾಟ ಹೆಚ್ಚು. ನವೆಂಬರಿನಿಂದ ಫೆಬ್ರವರಿಯ ತನಕ ಮುಂಜಾವಿನಲ್ಲಿ ದೇವನಹಳ್ಳಿಯ ಬಯಲನ್ನು ಮಂಜು ಮುಸುಕುವುದುಂಟು. ಆಗ ವಿಮಾನಗಳು ತಡವಾಗುತ್ತವೆ. ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾಯಿಸಬೇಕಾದವರು ಆ ತಿಂಗಳುಗಳಲ್ಲಿ ನಡುವೆ ಹೆಚ್ಚು ವೇಳೆಯನ್ನಿಟ್ಟುಕೊಳ್ಳಬೇಕು.

ಉದ್ಯಾನದೊಳಗಿನ ಕಟ್ಟಡ

ಬಾಗಿಲುಗಳನ್ನೆಲ್ಲ ದಾಟಿ ವೇಳೆ ಉಳಿದರೆ ಎರಡನೆಯ ಟರ್ಮಿನಲ್ಲನ್ನು ಕಣ್ಣು ತುಂಬ ನೋಡಬೇಕು. ಅದನ್ನು ಕಟ್ಟಿದವರು ಉದ್ಯಾನದೊಳಗಿನ ಟರ್ಮಿನಲ್ಲೆಂದು ಕರೆದಿದ್ದಾರೆ, ಹೆಸರು ಉತ್ಪ್ರೇಕ್ಷೆಯಲ್ಲ. ಮೇಲ್ಛಾವಣಿಯನ್ನು ಬಿದಿರಿನಿಂದ ಹೊದಿಸಿದ್ದಾರೆ. ಮಾಡಿನಿಂದ ಹಸಿರು ಬಳ್ಳಿಗಳು ತೂಗಾಡುತ್ತವೆ, ನೀರು ಧುಮುಕುತ್ತದೆ, ಗೇಟುಗಳಿಗೆ ಹೋಗುವ ದಾರಿಯಲ್ಲಿ ಗಿಡಮರಗಳ ಪಟ್ಟಿಯೊಂದನ್ನು ದಾಟಬೇಕು. ಸಾಧಾರಣವಾಗಿ ಇಂಥ ಕಟ್ಟಡಗಳು ಲೋಕದಲ್ಲೆಲ್ಲ ಗಾಜು ಉಕ್ಕುಗಳ ಒಂದೇ ಅಚ್ಚಿನವು. ಯಾವ ದೇಶದಲ್ಲಿದ್ದೇವೆಂದು ತಿಳಿಯುವುದಿಲ್ಲ. ಇಲ್ಲಿ ಬೆಂಗಳೂರೆಂಬುದು ತಿಳಿಯುತ್ತದೆ. 2023ರಲ್ಲಿ ಇದರ ಒಳಾಂಗಣಕ್ಕೆ ಪ್ರೀ ವರ್ಸೇ ಎಂಬ ಅಂತರರಾಷ್ಟ್ರೀಯ ಪುರಸ್ಕಾರವೂ ದೊರಕಿತು.

ಇಷ್ಟಿದ್ದರೂ ಅಂಗಡಿಗಳ ಬೆಲೆಯನ್ನು ಕಂಡು ನಮ್ಮವರು ಹೌಹಾರುವುದು ಖಂಡಿತ. ಒಂದು ಲೋಟ ಕಾಫಿಯ ಬೆಲೆಗೆ ನಮ್ಮೂರಿನ ಹೋಟೆಲಿನಲ್ಲಿ ಮನೆಮಂದಿಯೆಲ್ಲ ತಿಂಡಿ ತಿಂದು ಬರಬಹುದು. ಮನೆಯ ಬುತ್ತಿಯನ್ನು ಕಟ್ಟಿಕೊಂಡು ಹೋಗುವುದಕ್ಕೆ ಅಡ್ಡಿಯಿಲ್ಲ. ರೊಟ್ಟಿ, ಒಣ ಪಲ್ಯ, ಶೇಂಗಾ ಚಟ್ನಿಪುಡಿಗಳು ಧಾರಾಳವಾಗಿ ಸಾಗುತ್ತವೆ. ಖಾಲಿ ಬಾಟಲಿಯನ್ನು ಒಯ್ದು ತಪಾಸಣೆಯ ಆಚೆಗೆ ನೀರನ್ನು ತುಂಬಿಕೊಳ್ಳಬಹುದು.

ಮರಳಿ ಬರುವವರು

ಬರುವವನಿಗೆ ಬಾಗಿಲುಗಳು ಕಡಮೆ. ವಿದೇಶದಿಂದ ಇಳಿದವನು ವಲಸೆ ಅಧಿಕಾರಿಗೆ ಪಾಸ್‌ಪೋರ್ಟನ್ನು ತೋರಿಸಿ, ಸುತ್ತುವ ಪಟ್ಟಿಯ ಮೇಲೆ ಬರುವ ಪೆಟ್ಟಿಗೆಯನ್ನು ಎತ್ತಿಕೊಂಡು, ಸುಂಕದವರ ಹಸಿರು ಹಾದಿಯಿಂದಲೋ, ಸುಂಕ ಕೊಡಬೇಕಾದ ವಸ್ತುವಿದ್ದರೆ ಕೆಂಪು ಹಾದಿಯಿಂದಲೋ ಹೊರಗೆ ಬರುತ್ತಾನೆ. ಇದಕ್ಕೆಲ್ಲ ಒಂದು ಗಂಟೆಯಾದರೂ ಹಿಡಿಯುತ್ತದೆ. ವಿಮಾನ ಇಳಿಯಿತೆಂದು ಫಲಕದಲ್ಲಿ ಕಂಡ ಕೂಡಲೆ ಮಗ ಕಾಣಲಿಲ್ಲವೆಂದು ಹೊರಗೆ ಕಾದವರು ಕಳವಳಪಡಬೇಕಾಗಿಲ್ಲ. ಒಂದೇ ಪೆಟ್ಟಿಗೆಯಂಥ ಹತ್ತು ಪೆಟ್ಟಿಗೆಗಳು ಪಟ್ಟಿಯ ಮೇಲೆ ಸುತ್ತುವುದರಿಂದ, ಹೋಗುವಾಗಲೇ ಹಿಡಿಕೆಗೊಂದು ಬಣ್ಣದ ಬಟ್ಟೆಯನ್ನು ಕಟ್ಟಿದ್ದರೆ ಹುಡುಕುವುದು ಸುಲಭ.

ಹೊರಗಿನ ಕಟಕಟೆಯ ಬಳಿ ಅರ್ಧ ಗಂಟೆ ನಿಂತವನಿಗೆ ನಾಡಿನ ಬದಲಾದ ಬದುಕು ಕಾಣುತ್ತದೆ. ಹೂವಿನ ಹಾರ ಹಿಡಿದವರು, ನಿದ್ದೆಗೆಟ್ಟ ಮಕ್ಕಳನ್ನು ಹೆಗಲಿಗೇರಿಸಿದವರು, ಹೆಸರು ಬರೆದ ಹಲಗೆಯನ್ನು ಹಿಡಿದ ಚಾಲಕರು ಎಲ್ಲರೂ ಒಂದೇ ಬಾಗಿಲಿನ ಮೇಲೆ ಕಣ್ಣಿಟ್ಟಿರುತ್ತಾರೆ. ಕರೂರಿನಲ್ಲಿ ನಾಟಿಯನ್ನು ಮುಗಿಸಿ ಬಂದ ರೈತನೂ, ಬೆಂಗಳೂರಿನ ಅಧಿಕಾರಿಯೂ ಅಲ್ಲಿ ಅಕ್ಕಪಕ್ಕದಲ್ಲಿಯೇ ನಿಲ್ಲಬೇಕು. ಕಾಯುವವರಿಗೆ ಅಲ್ಲಿ ಮೇಲು ಕೀಳುಗಳ ಸಾಲಿಲ್ಲ.

ಬೆಂಗಳೂರಿನಲ್ಲಿ ಕೆಲಸವಿಲ್ಲದವರು ಅಲ್ಲಿಂದ ನಗರದ ಕಡೆಗೆ ತಿರುಗುವ ಅಗತ್ಯವಿಲ್ಲ. ಹೆದ್ದಾರಿಯನ್ನು ಸೇರುವಲ್ಲಿ ದಕ್ಷಿಣವನ್ನು ಬಿಟ್ಟು ಉತ್ತರಕ್ಕೆ ಹೊರಳಿಕೊಂಡರೆ ದೇವನಹಳ್ಳಿ, ಚಿಕ್ಕಬಳ್ಳಾಪುರ, ಪೆನುಕೊಂಡ, ಅನಂತಪುರಗಳ ಮೇಲೆ ಬಳ್ಳಾರಿ. ಬೆಳಗಿನ ಜಾವದ ವಿಮಾನದಲ್ಲಿ ಇಳಿದವನು ಮಧ್ಯಾಹ್ನದ ಊಟದ ಹೊತ್ತಿಗೆ ಬಳ್ಳಾರಿಯಲ್ಲಿಯೂ, ಸಂಜೆಗೆ ಮುಂಚೆ ಕರೂರಿನ ತನ್ನ ಮನೆಯ ಕಟ್ಟೆಯ ಮೇಲೂ ಇರಬಹುದು.